ಪ್ರೊಬೇಶನ್: ಪರೀಕ್ಷೆ ಒಬ್ಬರಿಗೆ ಮಾತ್ರವೇ?

ನಮ್ಮ ಪಟ್ಟಣಗಳ ಮನೆಗಳಲ್ಲಿ ಮಗನಿಗೋ ಮಗಳಿಗೋ ಉದ್ಯೋಗ ದೊರೆತ ದಿನ ಎರಡು ಪ್ರಶ್ನೆಗಳು ಕೇಳಿ ಬರುತ್ತವೆ. ಸಂಬಳ ಎಷ್ಟು? ಊರು ಯಾವುದು? ನೇಮಕಾತಿ ಪತ್ರದಲ್ಲಿ ಏನು ಬರೆದಿದೆ ಎಂಬ ಮೂರನೆಯ ಪ್ರಶ್ನೆಯನ್ನು ಕೇಳುವವರು ವಿರಳ. ಸಹಿ ಹಾಕಿದ ಆ ಕಾಗದ ಕಪಾಟು ಸೇರುತ್ತದೆ. ಕೆಲಸ ಹೊಂದಿಕೆಯಾಗದೆ ಅಥವಾ ಇನ್ನೊಂದು ಉತ್ತಮ ಅವಕಾಶ ಒದಗಿ ರಾಜೀನಾಮೆ ನೀಡಬೇಕಾಗಿ ಬಂದಾಗಲೇ ಅದು ಮತ್ತೆ ಹೊರಬರುತ್ತದೆ. ಅಷ್ಟರಲ್ಲಿ ತಡವಾಗಿರುತ್ತದೆ. ತೊಂಬತ್ತು ದಿನಗಳ ನೋಟಿಸ್, ಬಾಂಡಿನ ಮೊತ್ತ, ತಡೆಹಿಡಿದ ಸಂಬಳ, ಕೊಡಲೊಪ್ಪದ ಅನುಭವ ಪತ್ರ ಇತ್ಯಾದಿಗಳ ಮುಂದೆ ಇಪ್ಪತ್ತೆರಡರ ಹರೆಯದ ಯುವಕನೋರ್ವ ಅಸಹಾಯಕನಾಗಿ ನಿಲ್ಲುತ್ತಾನೆ. ಮನೆಯವರಿಗಂತೂ ದಿಕ್ಕೇ ತೋಚುವುದಿಲ್ಲ.

ವಸ್ತುತಃ ಪ್ರೊಬೇಶನ್ ಅಥವಾ ಪರೀಕ್ಷಾವಧಿ ಎಂದರೇನು? ಈತ ತನ್ನ ಕೆಲಸಕ್ಕೆ ತಕ್ಕವನೇ ಎಂದು ಮಾಲಕ ನೋಡುತ್ತಾನೆ. ಈ ಕೆಲಸ ತನಗೆ ತಕ್ಕುದೇ ಎಂದು ನೌಕರನೂ ನೋಡುತ್ತಾನೆ. ಪರೀಕ್ಷೆ ಉಭಯರಿಗೂ ಸಂಬಂಧಿಸಿದ್ದು. ಆದರೆ ಅನೇಕ ಖಾಸಗಿ ಸಂಸ್ಥೆಗಳ ನೇಮಕಾತಿ ಪತ್ರಗಳನ್ನು ಓದಿದರೆ ಬೇರೆಯೇ ಚಿತ್ರ ಕಾಣುತ್ತದೆ. ಪರೀಕ್ಷಾವಧಿಯಲ್ಲಿ ಯಾವುದೇ ಕಾರಣ ನೀಡದೆ, ಯಾವುದೇ ಮುನ್ಸೂಚನೆಯಿಲ್ಲದೆ ನೌಕರನನ್ನು ತೆಗೆದುಹಾಕುವ ಅಧಿಕಾರ ಸಂಸ್ಥೆಗಿರುತ್ತದೆ. ಅದೇ ಪತ್ರದ ಮುಂದಿನ ಸಾಲಿನಲ್ಲಿ, ನೌಕರನು ಬಿಡುವುದಾದರೆ ಎರಡೋ ಮೂರೋ ತಿಂಗಳ ನೋಟಿಸ್ ನೀಡತಕ್ಕದ್ದು ಎಂದಿರುತ್ತದೆ. ಒಬ್ಬರಿಗೆ ಒಂದು ದಿನ, ಇನ್ನೊಬ್ಬರಿಗೆ ತೊಂಬತ್ತು ದಿನ! ಇದನ್ನು ಕರಾರು ಎನ್ನಬೇಕೋ ಕಟ್ಟುಪಾಡು ಎನ್ನಬೇಕೋ? ವಿವಾದಗಳ ಬೇರು ಈ ಅಸಮಾನತೆಯಲ್ಲಿದೆ ಎಂಬುದು ನಮ್ಮ ಅಭಿಪ್ರಾಯ.

ಈ ವಿಷಯದಲ್ಲಿ ಕಾನೂನು ಏನನ್ನುತ್ತದೆ ಎಂಬುದರ ಬಗ್ಗೆ ನಮ್ಮಲ್ಲಿ ಎರಡು ತಪ್ಪು ತಿಳುವಳಿಕೆಗಳಿವೆ. ಸಹಿ ಹಾಕಿದ ಮೇಲೆ ಮುಗಿಯಿತು, ಬಿಟ್ಟರೆ ಜೈಲೇ ಗತಿ ಎಂಬುದು ಮೊದಲನೆಯದು. ಇದು ನಿರಾಧಾರ. ಸಂವಿಧಾನದ 23ನೇ ವಿಧಿಯು ಬಲವಂತದ ದುಡಿಮೆಯನ್ನು ನಿಷೇಧಿಸುತ್ತದೆ. ಒಲ್ಲದ ನೌಕರನನ್ನು ಕೆಲಸದಲ್ಲಿ ಮುಂದುವರಿಯುವಂತೆ ನ್ಯಾಯಾಲಯ ಬಲವಂತಪಡಿಸುವುದಿಲ್ಲ. ವೈಯಕ್ತಿಕ ಸೇವೆಯ ಕರಾರುಗಳನ್ನು ಹಾಗೆ ಜಾರಿಗೊಳಿಸಲು 1963ರ ನಿರ್ದಿಷ್ಟ ಪರಿಹಾರ ಕಾಯಿದೆಯು ಅವಕಾಶ ನೀಡುವುದಿಲ್ಲ. ನೋಟಿಸ್ ನೀಡದೆ ಕೆಲಸ ಬಿಡುವುದು ಸಾಮಾನ್ಯವಾಗಿ ಸಿವಿಲ್ ವ್ಯಾಜ್ಯದ ವಿಷಯ, ಅಪರಾಧವಲ್ಲ. ಕಾಗದದ ಮೇಲಿನ ಕರಾರಿಗೆ ಬೆಲೆಯೇ ಇಲ್ಲ, ಸಿಮ್ ಬದಲಿಸಿ ಮೌನವಾಗಿದ್ದರೆ ಸಾಕು ಎಂಬುದು ಎರಡನೆಯ ತಪ್ಪು ತಿಳುವಳಿಕೆ. ಇದೂ ಅಷ್ಟೇ ಅಪಾಯಕಾರಿ. 1872ರ ಕರಾರು ಕಾಯಿದೆಯ 74ನೇ ಸೆಕ್ಷನ್ ಪ್ರಕಾರ ಕರಾರು ಮುರಿದವನಿಂದ ನ್ಯಾಯೋಚಿತ ಪರಿಹಾರ ಪಡೆಯುವ ಹಕ್ಕು ಎದುರು ಪಕ್ಷಕ್ಕಿದೆ. ಪತ್ರದಲ್ಲಿ ನಮೂದಿಸಿದ ಮೊತ್ತ ಆ ಪರಿಹಾರದ ಗರಿಷ್ಠ ಮಿತಿ. ಅಷ್ಟನ್ನೂ ತೆರಲೇಬೇಕೆಂದು ಅದರ ಅರ್ಥವಲ್ಲ.

ನಮ್ಮ ಕರಾವಳಿಗೆ ಸಂಬಂಧವಿರುವ ಒಂದು ತೀರ್ಪನ್ನು ಇಲ್ಲಿ ಸ್ಮರಿಸಬೇಕು. 1931ರಲ್ಲಿ ಮಂಗಳೂರಿನಲ್ಲಿ ಆರಂಭವಾಗಿ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಂದಿಗೆ ವಿಲೀನಗೊಂಡ ವಿಜಯಾ ಬ್ಯಾಂಕ್, 2006ರ ತನ್ನ ನೇಮಕಾತಿ ಪ್ರಕಟಣೆಯಲ್ಲಿ ಒಂದು ಷರತ್ತು ವಿಧಿಸಿತ್ತು. ಮೂರು ವರ್ಷ ತುಂಬುವ ಮೊದಲು ಕೆಲಸ ಬಿಡುವವರು 2 ಲಕ್ಷ ರೂಪಾಯಿ ತೆರಬೇಕೆಂಬುದು ಆ ಷರತ್ತು. ಅಧಿಕಾರಿಯೊಬ್ಬರು 2009ರಲ್ಲಿ ರಾಜೀನಾಮೆ ನೀಡಿ, ಆಕ್ಷೇಪಣೆಯೊಂದಿಗೆ ಹಣ ಕಟ್ಟಿ, ಕರ್ನಾಟಕ ಹೈಕೋರ್ಟಿನ ಮೊರೆ ಹೋದರು. ಹೈಕೋರ್ಟು ಅವರ ಪರ ತೀರ್ಪಿತ್ತಿತು. ಆದರೆ 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ಷರತ್ತನ್ನು ಎತ್ತಿಹಿಡಿಯಿತು. ಬಹಿರಂಗ ಪ್ರಕ್ರಿಯೆಯ ಮೂಲಕ ನೇಮಕಾತಿ ನಡೆಸಬೇಕಾದ ಸಾರ್ವಜನಿಕ ಬ್ಯಾಂಕಿಗೆ ಅಕಾಲಿಕ ರಾಜೀನಾಮೆಯಿಂದ ವೆಚ್ಚವುಂಟಾಗುತ್ತದೆ, ಹಿರಿಯ ವ್ಯವಸ್ಥಾಪಕ ಹುದ್ದೆಯ ಸಂಬಳಕ್ಕೆ ಹೋಲಿಸಿದರೆ ಈ ಮೊತ್ತ ವಿಪರೀತವೇನಲ್ಲ ಎಂದು ನ್ಯಾಯಾಲಯ ಕಾರಣ ನೀಡಿತು.

ಈ ತೀರ್ಪನ್ನು ತೋರಿಸಿ ನೌಕರರನ್ನು ಹೆದರಿಸುವವರು ಅದರ ಇನ್ನೊಂದು ಮುಖವನ್ನೂ ಓದಬೇಕು. ಸಂಸ್ಥೆಯೇ ಅಚ್ಚು ಹಾಕಿಸಿ ಮುಂದಿಡುವ ಸಿದ್ಧ ಕರಾರುಗಳಲ್ಲಿ ನೌಕರನಿಗೆ ಚೌಕಾಸಿಯ ಶಕ್ತಿ ಕಡಿಮೆ ಎಂಬುದನ್ನು ಅದೇ ತೀರ್ಪು ಒಪ್ಪುತ್ತದೆ. ನಿರ್ಬಂಧಕ ಷರತ್ತು ನ್ಯಾಯಸಮ್ಮತವೆಂದು ಸಾಬೀತುಪಡಿಸುವ ಹೊಣೆಯನ್ನು ಅದು ಮಾಲಕನ ಮೇಲೆ ಹೊರಿಸುತ್ತದೆ. ಬ್ಯಾಂಕಿನ ಹಿರಿಯ ಅಧಿಕಾರಿಗೆ ವಿಧಿಸಿದ್ದನ್ನು ಹದಿನೈದು ಸಾವಿರ ರೂಪಾಯಿಗೆ ದುಡಿಯುವ ಶಿಕ್ಷಕಿಗೋ ನರ್ಸಿಗೋ ಯಥಾವತ್ತಾಗಿ ಅನ್ವಯಿಸಲು ಹೊರಡುವುದು ನ್ಯಾಯವೆನಿಸದು. ತರಬೇತಿಯನ್ನೇ ನೀಡದೆ ತರಬೇತಿಯ ವೆಚ್ಚ ಕೇಳುವುದನ್ನು ಸಮರ್ಥಿಸಲು ಈ ತೀರ್ಪಿನಲ್ಲಿ ಏನೂ ಇಲ್ಲ.

ಈಗ ಕಾನೂನಿನಲ್ಲಿ ಮಹತ್ವದ ಬದಲಾವಣೆಗಳೂ ಆಗಿವೆ. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ತೀವ್ರ ಭಿನ್ನಾಭಿಪ್ರಾಯಗಳಿವೆ. ಆದರೆ ನಮ್ಮ ವಿಷಯಕ್ಕೆ ಸಂಬಂಧಿಸಿದ ಒಂದು ಅಂಶ ಸ್ವಾಗತಾರ್ಹ. ವೇತನ ಸಂಹಿತೆಯ 17ನೇ ಸೆಕ್ಷನ್ ಪ್ರಕಾರ ನೌಕರನನ್ನು ತೆಗೆದುಹಾಕಿದರೂ, ಆತನೇ ರಾಜೀನಾಮೆ ನೀಡಿದರೂ, ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. 1936ರ ಹಳೆಯ ವೇತನ ಪಾವತಿ ಕಾಯಿದೆಯಲ್ಲಿ ಇಂಥ ತ್ವರಿತ ಪಾವತಿಯ ನಿಯಮ ಮಾಲಕನೇ ತೆಗೆದುಹಾಕಿದಾಗ ಮಾತ್ರ ಅನ್ವಯಿಸುತ್ತಿತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಸಂಸ್ಥೆಗಳು ನೇಮಕಾತಿ ಪತ್ರ ನೀಡುವುದೂ ಈಗ ಕಡ್ಡಾಯವಾಗಿದೆ. ನಮ್ಮ ರಾಜ್ಯದಲ್ಲಿ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯಿದೆಯೂ ಇದೆ. ಆರು ತಿಂಗಳು ನಿರಂತರವಾಗಿ ದುಡಿದವನನ್ನು ಸೂಕ್ತ ಕಾರಣವಿಲ್ಲದೆ, ಒಂದು ತಿಂಗಳ ಮುನ್ಸೂಚನೆ ಅಥವಾ ಅದರ ಬದಲು ವೇತನ ನೀಡದೆ ತೆಗೆಯುವಂತಿಲ್ಲ ಎಂದು ಅದರ 39ನೇ ಸೆಕ್ಷನ್ ಹೇಳುತ್ತದೆ. ಆರು ತಿಂಗಳ ಒಳಗಿನವನಿಗೆ ಈ ರಕ್ಷಣೆಯಿಲ್ಲ. ಹಾಗಿರುವಾಗ ಅದೇ ಆರು ತಿಂಗಳಲ್ಲಿ ಬಿಟ್ಟುಹೋಗುವವನ ಮೇಲೆ ಮಾತ್ರ ದೀರ್ಘ ನೋಟಿಸ್ ಹೊರಿಸುವುದು ಯಾವ ನ್ಯಾಯ?

ನಮ್ಮ ಕುಟುಂಬಗಳ ಪಾಲಿಗೆ ಕೊಲ್ಲಿ ರಾಷ್ಟ್ರಗಳ ಕಾನೂನೂ ಅಷ್ಟೇ ಮುಖ್ಯ. ಯು.ಎ.ಇ.ಯಲ್ಲಿ 2022ರ ಫೆಬ್ರವರಿಯಿಂದ ಜಾರಿಯಲ್ಲಿರುವ ಕಾರ್ಮಿಕ ಕಾನೂನಿನ ಪ್ರಕಾರ ಪರೀಕ್ಷಾವಧಿ ಆರು ತಿಂಗಳು ಮೀರುವಂತಿಲ್ಲ. ಈ ಅವಧಿಯಲ್ಲಿ ಮಾಲಕನು ತೆಗೆದುಹಾಕುವುದಾದರೆ 14 ದಿನಗಳ ಲಿಖಿತ ನೋಟಿಸ್ ನೀಡಬೇಕು. ನೌಕರನು ದೇಶ ಬಿಟ್ಟು ಹೊರಡುವುದಾದರೂ ಅಷ್ಟೇ ದಿನ. ಅಲ್ಲಿಯೇ ಬೇರೆ ಕಂಪೆನಿ ಸೇರುವುದಾದರೆ ಒಂದು ತಿಂಗಳ ನೋಟಿಸ್ ಬೇಕು. ಆಗ ಹಳೆಯ ಮಾಲಕನ ನೇಮಕಾತಿ ವೆಚ್ಚವನ್ನು ತೆರಬೇಕಾದವನು ಹೊಸ ಮಾಲಕ. ನೇಮಕಾತಿಯ ಖರ್ಚನ್ನು ನೌಕರನಿಂದ ವಸೂಲು ಮಾಡುವುದನ್ನೂ, ಆತನ ಪಾಸ್‌ಪೋರ್ಟ್ ಇಟ್ಟುಕೊಳ್ಳುವುದನ್ನೂ ಆ ಕಾನೂನು ನಿಷೇಧಿಸಿದೆ. ನೋಟಿಸ್ ನೀಡದವರು ಆ ಅವಧಿಯ ವೇತನದಷ್ಟು ಮೊತ್ತವನ್ನು ಎದುರು ಪಕ್ಷಕ್ಕೆ ತೆರಬೇಕು. ನಿಯಮ ಪಾಲಿಸದೆ ದೇಶ ತೊರೆದವನಿಗೆ ಒಂದು ವರ್ಷದವರೆಗೆ ಹೊಸ ಕೆಲಸದ ಪರವಾನಿಗೆ ಸಿಗದು. ಮನೆಗೆಲಸದವರಿಗೆ ಪ್ರತ್ಯೇಕ ಕಾನೂನಿದೆ. ಈ ಒಂದು ತಿಂಗಳು ಅಥವಾ ಹದಿನಾಲ್ಕು ದಿನಗಳ ವ್ಯತ್ಯಾಸ ತಿಳಿಯದೆ ರೂಮಿನ ಸ್ನೇಹಿತನ ಮಾತು ಕೇಳಿ ವಿಮಾನ ಹತ್ತಿದವನು ಕಳೆದುಕೊಳ್ಳುವುದು ಒಂದು ವರ್ಷದ ದುಡಿಮೆಯನ್ನು. ಆ ದುಡಿಮೆಯನ್ನು ನಂಬಿ ಊರಲ್ಲಿ ಸಾಲ ಮಾಡಿದ ತಂದೆಯ ಸ್ಥಿತಿ ಏನಾಗಬೇಕು?

ಆದ್ದರಿಂದ ಯುವಕರಲ್ಲಿ ನಮ್ಮ ವಿನಂತಿ ಇಷ್ಟೇ. ಸೇರುವ ದಿನವೇ ಪತ್ರವನ್ನು ಓದಿರಿ, ಪ್ರತಿಯನ್ನು ಮನೆಯಲ್ಲಿಡಿರಿ. ಪರೀಕ್ಷಾವಧಿಯಲ್ಲಿ ಎಷ್ಟು ದಿನಗಳ ನೋಟಿಸ್, ಖಾಯಂ ಆದ ಬಳಿಕ ಎಷ್ಟು, ನೋಟಿಸ್ ಬದಲು ವೇತನ ಕಟ್ಟಿ ಹೊರಡಲು ಅವಕಾಶವಿದೆಯೇ ಎಂಬುದನ್ನು ಗುರುತಿಸಿಕೊಳ್ಳಿರಿ. ಮೂಲ ಅಂಕಪಟ್ಟಿಗಳನ್ನು ಯಾರಿಗೂ ಒಪ್ಪಿಸಬೇಡಿರಿ. ಪರಿಶೀಲನೆಗೆ ತೋರಿಸಿ ಮರಳಿ ಪಡೆಯಿರಿ. ಬಿಡುವಾಗ ದಿನಾಂಕ ಸಹಿತ ಲಿಖಿತವಾಗಿ ರಾಜೀನಾಮೆ ನೀಡಿರಿ, ಸ್ವೀಕೃತಿ ಪಡೆಯಿರಿ, ವಹಿಸಿಕೊಂಡ ಕೆಲಸವನ್ನೂ ವಸ್ತುಗಳನ್ನೂ ಲೆಕ್ಕ ಸಹಿತ ಒಪ್ಪಿಸಿರಿ. ಹೇಳದೆ ಕೇಳದೆ ಮಾಯವಾಗುವುದು ನೌಕರನ ಹಕ್ಕಲ್ಲ. ಹಾಗೆ ಮಾಡುವವನು ತನ್ನ ನಂತರ ಅದೇ ಬಾಗಿಲಿಗೆ ಬರುವ ಇನ್ನೊಬ್ಬ ಬಡ ಯುವಕನ ಅವಕಾಶವನ್ನೂ ಕೆಡಿಸುತ್ತಾನೆ. ಭವಿಷ್ಯನಿಧಿಯ ಕಡತದಲ್ಲಿ ಬಿಟ್ಟ ದಿನಾಂಕವನ್ನು ಸಂಸ್ಥೆ ನಮೂದಿಸದಿದ್ದರೆ ಹೆದರಬೇಕಿಲ್ಲ. ಕೊನೆಯ ವಂತಿಗೆ ಸಂದಾಯವಾಗಿ ಎರಡು ತಿಂಗಳ ಬಳಿಕ ಅದನ್ನು ಸ್ವತಃ ನಮೂದಿಸುವ ಸೌಲಭ್ಯ 2020ರಿಂದ ಇದೆ.

ಮಾಲಕರಲ್ಲಿಯೂ ಒಂದು ಮಾತು. ನಮ್ಮ ಸಮುದಾಯದವರು ನೌಕರರು ಮಾತ್ರವಲ್ಲ. ಜವುಳಿ ಅಂಗಡಿ, ಹೊಟೇಲು, ಆಸ್ಪತ್ರೆ, ಆಂಗ್ಲ ಮಾಧ್ಯಮ ಶಾಲೆಗಳನ್ನು ನಡೆಸುವವರೂ ನಮ್ಮಲ್ಲಿ ಸಾಕಷ್ಟಿದ್ದಾರೆ. ವೇದಿಕೆಯಲ್ಲಿ ನ್ಯಾಯದ ಕುರಿತು ಮಾತಾಡುವವರು ತಮ್ಮ ಸಂಸ್ಥೆಯ ನೇಮಕಾತಿ ಪತ್ರವನ್ನು ಒಮ್ಮೆ ತೆಗೆದು ನೋಡಲಿ. ನೀವು ತೆಗೆದುಹಾಕುವಾಗ ಎಷ್ಟು ದಿನ ನೀಡುತ್ತೀರೋ ಆತ ಬಿಡುವಾಗಲೂ ಅಷ್ಟೇ ದಿನ ಕೇಳಿರಿ. ದುಡಿದ ದಿನದ ಸಂಬಳವನ್ನು ನೋಟಿಸಿನ ಜಗಳಕ್ಕೆ ಒತ್ತೆಯಿಡಬೇಡಿರಿ. ಬಿಟ್ಟುಹೋದ ಶಿಕ್ಷಕಿಯ ಅನುಭವ ಪತ್ರವನ್ನು ತಡೆಹಿಡಿಯುವುದರಿಂದ ಯಾವ ಶಾಲೆಯೂ ಉದ್ಧಾರವಾಗದು.

ಜಮಾಅತ್‌ಗಳು, ಯುವಕ ಸಂಘಗಳು ಉದ್ಯೋಗ ಮಾಹಿತಿ ಶಿಬಿರಗಳನ್ನು ಏರ್ಪಡಿಸುವುದುಂಟು. ಅರ್ಜಿ ತುಂಬುವುದನ್ನು, ಸಂದರ್ಶನ ಎದುರಿಸುವುದನ್ನು ಅಲ್ಲಿ ಕಲಿಸಲಾಗುತ್ತದೆ. ಅದರ ಜೊತೆ ಊರಿನ ವಕೀಲರೊಬ್ಬರನ್ನು ಕೂರಿಸಿ ನೇಮಕಾತಿ ಪತ್ರ ಓದುವುದನ್ನೂ ಕಲಿಸಲಿ. ಒಂದು ತಾಸಿನ ಆ ಪಾಠ ಅನೇಕ ಮನೆಗಳನ್ನು ವರ್ಷಗಟ್ಟಲೆಯ ಸಂಕಟದಿಂದ ಪಾರು ಮಾಡೀತು.