ಕೆಂಪು ಗುಂಡಿಯ ಕೆಲಸ

ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹೊಲದಲ್ಲಿ ಬೆಳೆದ ತೊಗರಿ ಬೇಳೆಯಾಗುವ ಮೊದಲು ದಾಲ್ ಮಿಲ್ಲಿನಲ್ಲಿ ಎಣ್ಣೆ ಸವರಿಸಿಕೊಳ್ಳುತ್ತದೆ. ಸಿಪ್ಪೆ ಸುಲಭವಾಗಿ ಬಿಡಲೆಂದು ಹೀಗೆ ಮಾಡುವುದುಂಟು. ಉದ್ದನೆಯ ತೊಟ್ಟಿಯೊಳಗೆ ಮೋಟಾರಿನಿಂದ ತಿರುಗುವ ಸುರುಳಿಯು ಕಾಳನ್ನೂ ಎಣ್ಣೆಯನ್ನೂ ಬೆರೆಸುತ್ತ ಮುಂದೆ ತಳ್ಳುತ್ತದೆ. ಅದಕ್ಕೆ ಕಾಳೂ ಒಂದೇ, ಅಂಗಿಯ ತೋಳೂ ಒಂದೇ.

ಆದ್ದರಿಂದಲೇ ಇಂಥ ಯಂತ್ರಗಳಿಗೆ ತುರ್ತು ನಿಲುಗಡೆಯ ಗುಂಡಿ ಬೇಕು. ಅಪಾಯದ ಹೊತ್ತಿನಲ್ಲಿ ವಿದ್ಯುತ್ ಕಡಿಯುವ ಸಾಧನವಿರಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯ 24ನೇ ಕಲಮು ವಿಧಿಸಿತ್ತು. ಐಎಸ್‌ಒ 13850 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಈ ಗುಂಡಿಯ ಬಣ್ಣ ಕೆಂಪು, ಹಿನ್ನೆಲೆ ಹಳದಿ. ಸಾಮಾನ್ಯವಾಗಿ ಅದು ಅಣಬೆಯ ಆಕಾರದಲ್ಲಿದ್ದು, ಅಂಗೈಯಿಂದ ಬಡಿದರೂ ಸಾಕು. ಕೆಲಸಗಾರ ನಿಲ್ಲುವ ಜಾಗದಲ್ಲೇ ಕೈಗೆಟುಕಬೇಕು. ಒತ್ತಿದ ಗುಂಡಿ ಒಳಗೇ ಕಚ್ಚಿಕೊಂಡಿರಬೇಕು. ಅದನ್ನು ಬಿಡಿಸಿದ ಮಾತ್ರಕ್ಕೆ ಯಂತ್ರ ಹೊರಡಬಾರದು. ಸ್ಟಾರ್ಟ್ ಗುಂಡಿಯನ್ನು ಬೇರೆಯಾಗಿ ಒತ್ತಬೇಕು. ಹೋದ ಕರೆಂಟು ಮರಳಿದಾಗಲೂ ಯಂತ್ರ ತಾನಾಗಿ ತಿರುಗಬಾರದು.

ಗುಂಡಿ ಇದೆಯೆಂದು ಮೈಮರೆಯುವಂತಿಲ್ಲ. ಕರೆಂಟು ನಿಂತರೂ ಭಾರವಾದ ಭಾಗಗಳು ಜಡತ್ವದಿಂದ ಕೆಲವು ಸುತ್ತು ತಿರುಗಿಯೇ ನಿಲ್ಲುತ್ತವೆ. ಶಾಲೆಯಲ್ಲಿ ಕಲಿತ ನ್ಯೂಟನ್ನನ ಮೊದಲ ನಿಯಮ ಇದೇ. ಹಾಗಾಗಿ ತೊಟ್ಟಿಗೆ ಗಟ್ಟಿ ಮುಚ್ಚಳ ಅಥವಾ ಜಾಲರಿ ಇರಲೇಬೇಕು. ಸ್ವಚ್ಛ ಮಾಡುವಾಗ ಮೇನ್ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿಕೈಯನ್ನು ತೊಟ್ಟಿಗೆ ಕೈ ಹಾಕುವವನೇ ಇಟ್ಟುಕೊಳ್ಳಬೇಕು.

ಮನೆ ಕಟ್ಟುವಲ್ಲಿ ತಿರುಗುವ ಕಾಂಕ್ರೀಟ್ ಮಿಕ್ಸರಿಗೂ ಇದೇ ಮಾತು ಸಲ್ಲುತ್ತದೆ. ಅದರ ಹತ್ತಿರ ಮಕ್ಕಳು ಸುಳಿಯದಂತೆ ಹಿರಿಯರು ನೋಡಿಕೊಳ್ಳಬೇಕು. ಐಟಿಐ ಸೇರಿದ ಹುಡುಗ, ಹುಡುಗಿಯರು ಯಾವ ಯಂತ್ರವನ್ನೇ ಆಗಲಿ, ನಡೆಸುವ ಮೊದಲು ನಿಲ್ಲಿಸುವುದನ್ನು ಕಲಿಯಬೇಕು.