ಬೊಟಿಕ್ ಅವಳದು, ಖಾತೆ ಯಾರದು?

ಸಕಲೇಶಪುರದ ಹೆತ್ತೂರಿನಲ್ಲೋ ಹಾನುಬಾಳಿನಲ್ಲೋ, ಆಲೂರಿನ ಕೆಂಚಮ್ಮನ ಹೊಸಕೋಟೆಯಲ್ಲೋ ಇರುವ ಹುಡುಗಿ ಇಂದು ಬಟ್ಟೆ ಅಂಗಡಿ ತೆರೆಯಲು ಪೇಟೆಯಲ್ಲಿ ಮಳಿಗೆ ಹಿಡಿಯಬೇಕಾಗಿಲ್ಲ. ಒಂದು ಹೊಲಿಗೆ ಯಂತ್ರ, ಒಂದು ಸ್ಮಾರ್ಟ್‌ಫೋನ್ ಇದ್ದರೆ ಸಾಕು. ಚೂಡಿದಾರ, ಬುರ್ಖಾ, ರವಿಕೆಗಳ ಚಿತ್ರ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಬಹುದು, ವಾಟ್ಸ್ಆ್ಯಪ್‌ನಲ್ಲಿ ಅಳತೆ ತರಿಸಿಕೊಳ್ಳಬಹುದು. ಸೂರತ್‌ನ ಸಗಟು ಮಾಲಿಗೆ ತನ್ನ ಲಾಭ ಸೇರಿಸಿ ಮಾರುವವರೂ ಇದ್ದಾರೆ. ಇಂಥವರನ್ನು ಸಮಾಜ ಮೆಚ್ಚಿಕೊಳ್ಳುತ್ತಿದೆ. 'ಮನೆಯಲ್ಲೇ ಕುಳಿತು ದುಡಿಯುತ್ತಾಳೆ' ಎಂಬುದೇ ಆ ಮೆಚ್ಚುಗೆಯ ತಿರುಳು.

ಆದರೆ ಅವಳು ಕುಳಿತಿರುವುದಾದರೂ ಯಾವಾಗ? ಅಡುಗೆ, ಮಕ್ಕಳು ಮುಗಿದ ಮೇಲೆ ರಾತ್ರಿ ಹೊಲಿಗೆ. ಮಳೆಗಾಲದಲ್ಲಿ ಕರೆಂಟಿಲ್ಲ, ನೆಟ್‌ವರ್ಕ್ ಇಲ್ಲ. 2018ರ ಆಗಸ್ಟ್‌ನಲ್ಲಿ, ಮತ್ತೆ 2024ರ ಜುಲೈನಲ್ಲಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಸಂಚಾರವೂ ರೈಲೂ ನಿಂತದ್ದು ನಮಗೆ ನೆನಪಿದೆ. ಅಂಥ ದಿನಗಳಲ್ಲಿ ಮಂಗಳೂರಿನ ಪಾರ್ಸೆಲ್ ದಾರಿಯಲ್ಲೇ ಉಳಿಯುತ್ತದೆ. ಮದುವೆ ಮುಗಿದ ಮೇಲೆ ತಲುಪಿದ ಉಡುಪು ವಾಪಸು ಬಂದರೆ ಆ ನಷ್ಟವೂ ಅವಳದೇ.

ದುಡಿಮೆ ಅವಳದು, ನಷ್ಟ ಅವಳದು. ಹಾಗಾದರೆ ಹಣ ಯಾರದು? ಗ್ರಾಹಕರು ಹಣ ಕಳುಹಿಸುವ ಕ್ಯೂಆರ್ ಕೋಡ್ ಯಾರ ಹೆಸರಿನಲ್ಲಿದೆ ಎಂದು ಒಮ್ಮೆ ನೋಡಿ. ಎಷ್ಟೋ ಕಡೆ ಅದು ಅಣ್ಣನದು, ಗಂಡನದು ಅಥವಾ ಮಾವನದು. ಬ್ಯಾಂಕ್ ಖಾತೆಗೆ ಜೋಡಿಸಿದ ಮೊಬೈಲ್ ನಂಬರಿನ ಮೇಲೆ ಯುಪಿಐ ನಡೆಯುತ್ತದೆ, ಆ ನಂಬರು ಮನೆಯ ಗಂಡಸಿನದು!

'ಎಲ್ಲ ಒಂದೇ ಮನೆಯ ಹಣವಲ್ಲವೇ?' ಎನ್ನುವವರಿದ್ದಾರೆ. ಬ್ಯಾಂಕಿನವರು ಮನೆಯನ್ನು ನೋಡುವುದಿಲ್ಲ, ಖಾತೆಯನ್ನು ನೋಡುತ್ತಾರೆ. ಮುದ್ರಾ ಯೋಜನೆಯ 'ಶಿಶು' ವಿಭಾಗದಲ್ಲಿ ಅಡಮಾನವಿಲ್ಲದೆ 50,000 ರೂಪಾಯಿವರೆಗೆ ಸಾಲವಿದೆ. ಆದರೆ ಅವಳ ವ್ಯಾಪಾರದ ಗುರುತೇ ಅವಳ ಖಾತೆಯಲ್ಲಿ ಇಲ್ಲದಿದ್ದರೆ ಮ್ಯಾನೇಜರರಿಗೆ ಏನನ್ನು ತೋರಿಸುವುದು? 2020ರ ಜುಲೈ 1ರಿಂದ ಜಾರಿಯಲ್ಲಿರುವ 'ಉದ್ಯಮ್' ನೋಂದಣಿ ಸಂಪೂರ್ಣ ಉಚಿತ. ಅದು ಮಾಲೀಕರ ಆಧಾರ್ ಮೇಲೆ ಆಗುವಂಥದ್ದು. ಅಲ್ಲಿಯೂ ಗಂಡನ ಆಧಾರ್ ಕೊಟ್ಟರೆ ಕಾನೂನಿನ ಕಣ್ಣಿಗೆ ಅವಳು ಕೇವಲ ದರ್ಜಿ.

ಇನ್ನು ಕೆಲವರು ತೆರಿಗೆಯ ಭಯ ತೋರಿಸುತ್ತಾರೆ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟದ್ದು ನಿಜ. ಆದರೆ ರಾಜ್ಯದೊಳಗೆ ಮಾತ್ರ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು 40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಬೇಕಿಲ್ಲ. ತಿಂಗಳಿಗೆ ಇಪ್ಪತ್ತು ಉಡುಪು ಹೊಲಿಯುವವಳಿಗೆ ಈ ಭಯವೇಕೆ? ಆ ನೋಟಿಸುಗಳು ಕಲಿಸುವ ಪಾಠ ಬೇರೆಯೇ ಇದೆ: ಖಾತೆ ಯಾರದೋ ವ್ಯಾಪಾರಿ ಅವರೇ ಎಂದು ಸರಕಾರ ತಿಳಿಯುತ್ತದೆ.

ಮಹಿಳೆಯರ ಬಗೆಗಿನ ನಮ್ಮ ಭಾಷಣಗಳಲ್ಲಿ ಹಝ್ರತ್ ಖದೀಜಾ(ರ)ರ ಹೆಸರು ತಪ್ಪುವುದಿಲ್ಲ. ಅವರ ಸರಕನ್ನು ಶಾಮ್‌ಗೆ ಕೊಂಡೊಯ್ದು ಮಾರಿ ಬಂದವರು, ವಿವಾಹಕ್ಕೆ ಮುನ್ನ, ಪ್ರವಾದಿ(ಸ)ಯವರು. ಬಂಡವಾಳ ಯಾರದಾಗಿತ್ತು? ಖದೀಜಾರದು. ಲಾಭ ಯಾರ ಕೈಸೇರಿತು? ಅವರದೇ. ಪತ್ನಿಯ ಗಳಿಕೆ ಪತ್ನಿಯದು, ಸಂಸಾರದ ಖರ್ಚು ಪತಿಯ ಹೊಣೆ ಎಂಬುದನ್ನೂ ನಾವು ಬಲ್ಲೆವು. ವೇದಿಕೆಯಲ್ಲಿ ಖದೀಜಾ, ಮನೆಯಲ್ಲಿ ಗಂಡನ ಕ್ಯೂಆರ್ ಕೋಡ್! ಇದೆಂಥ ನ್ಯಾಯ?

ಇದು ಮುಸ್ಲಿಮರ ಮನೆಯ ಕಥೆ ಮಾತ್ರವಲ್ಲ. ತೋಟದ ದೊಡ್ಡಮನೆಯಲ್ಲೂ, ಕೂಲಿಯವರ ಲೈನ್ ಮನೆಯಲ್ಲೂ ಇದೇ ಪ್ರಶ್ನೆಯಿದೆ. 2023ರಲ್ಲಿ ಆರಂಭವಾದ ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಸರಕಾರ ಮನೆಯೊಡತಿಯ ಖಾತೆಗೇ ಹಾಕುತ್ತದೆ. ಸರಕಾರ ಕೊಟ್ಟದ್ದು ಹೆಣ್ಣಿನ ಖಾತೆಗೆ, ಹೆಣ್ಣು ತಾನೇ ದುಡಿದದ್ದು ಬೇರೆಯವರ ಖಾತೆಗೆ ಎಂದರೆ ನಾವು ನಾಚಬೇಡವೇ?

ತಂದೆಯಂದಿರೇ, ಅಣ್ಣಂದಿರೇ, ಹುಡುಗಿಗೆ ಹೊಲಿಗೆ ಯಂತ್ರ ಕೊಡಿಸಿದ ದಿನವೇ ಅವಳ ಹೆಸರಿನ ಸಿಮ್ ಕೊಡಿಸಿ, ಅದನ್ನು ಅವಳ ಖಾತೆಗೆ ಜೋಡಿಸಿ. ಕೊಳ್ಳುವವರಿಗೂ ಒಂದು ಮಾತು: ಮುಂದಿನ ಸಲ ಬಣ್ಣ, ಬೆಲೆ ವಿಚಾರಿಸಿದ ಮೇಲೆ ಇದನ್ನೂ ಕೇಳಿ. 'ಹಣ ನಿನ್ನ ಖಾತೆಗೇ ತಾನೇ ಹಾಕಬೇಕಾದ್ದು, ತಂಗೀ?'