ನಮ್ಮ ಮುಖ, ಅವರ ಕ್ಲಿಕ್ಕು

ಬೆಂಗಳೂರಿನ ದುಬಾರಿ ಶಾಲೆಗಳಲ್ಲಿ ಹೈಸ್ಕೂಲ್ ಮಕ್ಕಳಿಗೆ ಡಿಜಿಟಲ್ ಫೋಟೋಗ್ರಫಿ ಒಂದು ಪಾಠ. ಕೆಲವು ಕಡೆ ಸಂಜೆಯ ಕ್ಲಬ್ಬು, ಕೆಲವು ಕಡೆ ಅಂಕ ಬರುವ ವಿಷಯವೇ. ಮಗುವಿನ ಕುತ್ತಿಗೆಯಲ್ಲಿ ಐವತ್ತು ಸಾವಿರದ ಕ್ಯಾಮೆರಾ. ಮೊದಲಿಗೆ ಅಪರ್ಚರ್, ಶಟರ್, ಐಎಸ್‌ಒ. ಆಮೇಲೆ ಶಾಲೆಯ ತೋಟದ ಹೂವು, ಎಲೆ ಮೇಲಿನ ನೀರಿನ ಹನಿ, ಹನಿಯೊಳಗೆ ತಲೆಕೆಳಗಾದ ಕಟ್ಟಡ. ಹನಿ ಬೇಸರ ಬಂದ ಮೇಲೆ ‘ಇನ್ನು ಜನರನ್ನು ತೆಗೆಯೋಣ’ ಅನ್ನುತ್ತಾರೆ ಮೇಷ್ಟ್ರು. ಜನ ಅಂದರೆ ಯಾರು? ಆ ಮಕ್ಕಳ ಅಪ್ಪ ಅಮ್ಮ ಆ ಲೆಕ್ಕಕ್ಕೆ ಬರುವುದಿಲ್ಲ. ಅಪಾರ್ಟ್‌ಮೆಂಟಿನ ಅಂಕಲ್ಲು, ಆಂಟಿಯರೂ ಬರುವುದಿಲ್ಲ. ಜನ ಇರುವುದು ಕೆ.ಆರ್. ಮಾರ್ಕೆಟ್ಟಿನಲ್ಲಿ. ಬೆಳಗಿನ ಆರಕ್ಕೆ ಶಾಲೆಯ ವ್ಯಾನು ಅಲ್ಲಿಗೆ ಹೊರಡುತ್ತದೆ. ಸೇವಂತಿಗೆ ರಾಶಿಯ ಹಿಂದೆ ಕೂತ ಮುದುಕಿ, ಮೂಟೆ ಹೊತ್ತ ಹಮಾಲಿ, ಕೊಳೆತ ಟೊಮೆಟೊದ ನಡುವೆ ಒಳ್ಳೆಯದನ್ನು ಆಯುತ್ತಿರುವ ಹೆಂಗಸು. ಕ್ಲಿಕ್, ಕ್ಲಿಕ್. ಮನೆಗೆ ಬಂದು ಬಣ್ಣ ತೆಗೆದು ಕಪ್ಪು-ಬಿಳುಪು ಮಾಡಿದರೆ ಬಡತನಕ್ಕೆ ಘನತೆ ಬರುತ್ತದಂತೆ. ವಾರ್ಷಿಕೋತ್ಸವದ ದಿನ ಅದು ಗೋಡೆ ಏರುತ್ತದೆ. ಮುದುಕಿಯನ್ನು ಯಾರೂ ಕರೆದಿರುವುದಿಲ್ಲ. ಕರೆದಿದ್ದರೂ ಗೇಟಿನ ಸೆಕ್ಯೂರಿಟಿಯವನು ಬಿಡುತ್ತಿರಲಿಲ್ಲ.

ಆ ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ. ಹದಿನಾಲ್ಕು ವರ್ಷದ ಮಗುವಿನ ಕೈಗೆ ಕ್ಯಾಮೆರಾ ಕೊಟ್ಟು ಕೆಳಗೆ ನೋಡುವುದನ್ನೇ ಕಲೆ ಅಂತ ಕಲಿಸಿದವರ ಮೇಲೆ ಸಿಟ್ಟು. ನಾನು ಪಾಠ ಮಾಡುವುದು ಸರ್ಕಾರಿ ಹೈಸ್ಕೂಲಿನಲ್ಲಿ. ನನ್ನೆದುರು ಬೆಂಚಿನ ಮೇಲೆ ಕೂತಿರುವುದು ಅಂಥ ಹೆಂಗಸರ ಮಕ್ಕಳು, ಅಂಥ ಹಮಾಲಿಗಳ ಮೊಮ್ಮಕ್ಕಳು. ಅವರ ಟೈಮ್‌ಟೇಬಲ್ಲಿನಲ್ಲಿ ಈ ಪಾಠ ಇಲ್ಲ. ಯಾಕಿಲ್ಲ ಅಂತ ಕೇಳಿದರೆ ‘ಮೊದಲು ಕನ್ನಡ ಓದೋಕೆ ಬರಲಿ ಸಾರ್’ ಅನ್ನುತ್ತಾರೆ. ಹಸಿದವನಿಗೆ ಅನ್ನ ಸಾಕು, ಪಲ್ಯ ಯಾಕೆ ಅನ್ನುವ ಜಾತಿಯ ಮಾತು ಇದು.

ಹಾಗಂತ ನಮ್ಮ ಶಾಲೆಗಳಲ್ಲಿ ಕ್ಯಾಮೆರಾ ಇಲ್ಲ ಅಂದುಕೊಳ್ಳಬೇಡಿ. ದಿನಾ ಇದೆ. ಮೊಟ್ಟೆ ಕೊಟ್ಟರೆ ಫೋಟೋ, ಹಾಲು ಕೊಟ್ಟರೆ ಫೋಟೋ, ಶೂ ಕೊಟ್ಟರೆ ಫೋಟೋ. ಜಂತುಹುಳದ ಮಾತ್ರೆಗೂ ಬಾಯಿ ತೆರೆದು ನಿಲ್ಲಬೇಕು, ನುಂಗುವ ಮೊದಲು ಒಮ್ಮೆ ಇತ್ತ ನೋಡಬೇಕು. 2006–07ರಲ್ಲಿ ಎಂಟನೇ ತರಗತಿಗೆ ಸೈಕಲ್ ಕೊಡಲು ಶುರುವಾದಾಗಿನಿಂದ ಎಷ್ಟು ಶಾಲೆಗಳ ಅಂಗಳದಲ್ಲಿ ಒಂದೇ ಚಿತ್ರ ಮತ್ತೆ ಮತ್ತೆ ಹುಟ್ಟಿತು! ಹ್ಯಾಂಡಲ್ಲಿನ ಮೇಲೆ ಶಾಸಕರ ಕೈ, ಪಕ್ಕದಲ್ಲಿ ನಾಲ್ಕು ಜನ ಪುಢಾರಿಗಳು, ಮೂಲೆಯಲ್ಲಿ ಅರ್ಧ ಕತ್ತರಿಸಿಹೋದ ಹುಡುಗಿ. ಸೈಕಲ್ ಅವಳದು. ಚಿತ್ರ ಅವರದು. ಎಲ್ಲವೂ ವಾಟ್ಸ್ಯಾಪ್ ಗುಂಪಿಗೆ ಏರಬೇಕು, ಇಲಾಖೆಯ ಪೋರ್ಟಲ್ಲಿಗೆ ಹೋಗಬೇಕು. ಮಗುವಿನ ಹೊಟ್ಟೆ ತುಂಬಿತೋ ಇಲ್ಲವೋ, ಪುರಾವೆ ತುಂಬಬೇಕು.

ಆ ಮಗುವಿನ ಅವ್ವ ಉದ್ಯೋಗ ಖಾತ್ರಿಯಲ್ಲಿ ಕೆರೆ ಹೂಳು ಎತ್ತಲು ಹೋದಾಗ ಏನು ನಡೆಯಿತು ಅಂತ ಕೇಳಿ. ಎನ್‌ಎಂಎಂಎಸ್ ಎಂಬ ಹಾಜರಿ ಆ್ಯಪು 2021ರಲ್ಲಿ ಬಂತು, 2023ರ ಜನವರಿ 1ರಿಂದ ಸಾಮೂಹಿಕ ಕಾಮಗಾರಿಗಳಿಗೆಲ್ಲ ಕಡ್ಡಾಯವಾಯಿತು. ದಿನಕ್ಕೆ ಎರಡು ಫೋಟೋ. ಕೆಲಸ ಶುರುವಾದಾಗ ಒಂದು, ಕೆಲವು ಗಂಟೆ ಬಿಟ್ಟು ಇನ್ನೊಂದು, ಜಾಗದ ಗುರುತಿನ ಸಮೇತ. ಬೆಳಗ್ಗೆಯೇ ತನ್ನ ಪಾಲಿನ ಮಣ್ಣು ಹೊತ್ತು ಮುಗಿಸಿದವಳೂ ಎರಡನೇ ಫೋಟೋಗೆ ಬಿಸಿಲಲ್ಲಿ ಕಾಯಬೇಕು. ಹಾಜರಿ ಹಾಕುವ ಕಾಯಕ ಬಂಧುವಿನ ಫೋನಿಗೆ ನೆಟ್‌ವರ್ಕ್ ಸಿಗದಿದ್ದರೆ ಕೂಲಿಗೇ ಕುತ್ತು. ಅವಳ ಬೆವರನ್ನು ನಂಬದ ಸರ್ಕಾರ ಫೋಟೋ ನಂಬಿತು. ನಂಬಿದ್ದಕ್ಕೆ ತಕ್ಕ ಶಾಸ್ತಿಯೂ ಆಯಿತು: ಸಂಬಂಧವೇ ಇಲ್ಲದ ಚಿತ್ರ ಏರಿಸುತ್ತಿದ್ದಾರೆ, ಹಳೇ ಫೋಟೋದ ಫೋಟೋ ತೆಗೆದು ಹಾಕುತ್ತಿದ್ದಾರೆ ಅಂತ 2025ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ ರಾಜ್ಯಗಳಿಗೆ ಬರೆಯಬೇಕಾಯಿತು. ಕಳ್ಳರಿಗೆ ಈ ವಿದ್ಯೆ ಯಾರೂ ಕಲಿಸಲಿಲ್ಲ, ತಾವೇ ಕಲಿತರು. ಕೂಲಿಯವಳ ಮಗಳಿಗೆ ಕಲಿಸಿ ಅಂದರೆ ಮಾತ್ರ ಪಠ್ಯಕ್ರಮ ಅಡ್ಡ ಬರುತ್ತದೆ.

ಇದೇನು ಹೊಸದಾಗಿ ಶುರುವಾದದ್ದಲ್ಲ. 1855ರಲ್ಲೇ ಮುಂಬಯಿಯ ಎಲ್ಫಿನ್‌ಸ್ಟನ್ ಸಂಸ್ಥೆಯಲ್ಲಿ ಫೋಟೋಗ್ರಫಿ ತರಗತಿ ನಡೆಯುತ್ತಿತ್ತು. ಮರುವರ್ಷ, 1856ರಲ್ಲಿ, ಅದೇ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ನಮ್ಮ ಧಾರವಾಡದಲ್ಲಿ ಒಬ್ಬ ಮಹಾರ್ ಹುಡುಗ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಅಂತ ಅರ್ಜಿ ಹಾಕಿದ. ಒಬ್ಬನಿಗಾಗಿ ಶಾಲೆ ಖಾಲಿಯಾದೀತು ಅಂತ ಸೇರಿಸಿಕೊಳ್ಳಲಿಲ್ಲ. ಈ ಎರಡು ಇಸವಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಕೇರಿಯವನ ಕೈಗೆ ಸ್ಲೇಟೇ ಬರಲಿಲ್ಲ, ಕ್ಯಾಮೆರಾ ಎಲ್ಲಿಂದ ಬರಬೇಕು? ಮುಖಕ್ಕೆ ಮಾತ್ರ ಬಹಳ ಬೇಗ ಬಂತು. 1868ರಿಂದ 1875ರವರೆಗೆ ‘ದಿ ಪೀಪಲ್ ಆಫ್ ಇಂಡಿಯಾ’ ಅಂತ ಎಂಟು ಸಂಪುಟ ಹೊರಬಂದವು. ಫೋಟೋದ ಕೆಳಗೆ ಜಾತಿಯ ಹೆಸರು, ಜೊತೆಗೆ ಅವರ ನಡತೆಯ ಬಗ್ಗೆ ದೊರೆಗಳ ತೀರ್ಪು. ಮದ್ರಾಸಿನ ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಸಂತೆಯಲ್ಲಿ ದನದ ಹಲ್ಲು ನೋಡುವ ಹಾಗೆ ಜನರ ಮೂಗು, ತಲೆ ಅಳೆದು, ಫೋಟೋ ಹಚ್ಚಿ, 1909ರಲ್ಲಿ ಏಳು ಸಂಪುಟ ಮಾಡಿದ. ದೊರೆಗಳು ಹೋದರು. ನಿಲ್ಲಿಸಿ ತೆಗೆಯುವ ಚಾಳಿ ಉಳಿಯಿತು.

ಎಲ್ಲರೂ ಹಾಗಲ್ಲ ಅನ್ನುವಿರಿ. ಗೊತ್ತು. ಮೈಸೂರಿನ ಟಿ.ಎಸ್. ಸತ್ಯನ್ ಸಾಮಾನ್ಯರನ್ನು ಪ್ರೀತಿಯಿಂದ ತೆಗೆದರು, ಅದನ್ನು ಅಲ್ಲಗಳೆಯುವಷ್ಟು ಕುರುಡ ನಾನಲ್ಲ. ಆದರೆ ಪ್ರೀತಿಯಿಂದ ನೋಡಿಸಿಕೊಂಡದ್ದು ಸಾಕು. ನಾವೂ ನೋಡಬೇಕು.

ಇಷ್ಟಕ್ಕೂ ಕ್ಯಾಮೆರಾ ಎಂಬ ಯಂತ್ರಕ್ಕೂ ಬಣ್ಣಭೇದ ಇದೆ. ಯಾವ ದೃಶ್ಯ ಸಿಕ್ಕರೂ ಸರಾಸರಿಗೆ ಅದು ನಡುವಿನ ಬೂದುಬಣ್ಣ, ಶೇ. 18ರಷ್ಟು ಬೆಳಕು ತಿರುಗಿಸುವ ಬಣ್ಣ, ಅಂತಲೇ ಅದರ ಮೀಟರು ಲೆಕ್ಕ ಹಾಕುತ್ತದೆ. ಸುಣ್ಣ ಬಳಿದ ಶಾಲೆಯ ಗೋಡೆ ಮುಂದೆ ಕಪ್ಪು ಹುಡುಗನನ್ನು ನಿಲ್ಲಿಸಿ ಒತ್ತಿ ನೋಡಿ. ಗೋಡೆಯ ಬಿಳುಪು ಕಂಡು ಕ್ಯಾಮೆರಾ ‘ಬೆಳಕು ಜಾಸ್ತಿಯಾಯಿತು’ ಅಂತ ಇಡೀ ಚಿತ್ರ ತಗ್ಗಿಸುತ್ತದೆ. ಗೋಡೆ ಬೂದಿಯಾಗುತ್ತದೆ, ಹುಡುಗ ಮಾಯವಾಗುತ್ತಾನೆ. ಹತ್ತನೇ ತರಗತಿಯ ಗ್ರೂಪ್ ಫೋಟೋಗಳಲ್ಲಿ ಹಿಂದಿನ ಸಾಲಿನವರಿಗೆ ಕಣ್ಣು, ಹಲ್ಲು ಮಾತ್ರ ಇರುವುದು ಇದರಿಂದಲೇ. ಮದ್ದು ಬಲು ಸುಲಭ. ಎಕ್ಸ್‌ಪೋಶರನ್ನು ಒಂದು ಹೆಜ್ಜೆ ಮೇಲೇರಿಸಿ. ಫೋನಾದರೆ ಹುಡುಗನ ಮುಖದ ಮೇಲೆ ಬೆರಳಿಟ್ಟು, ಪಕ್ಕದಲ್ಲಿ ಮೂಡುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆಯಿರಿ. ಗೋಡೆ ಹಾಳಾಗಿ ಹೋಗಲಿ, ಹುಡುಗ ಬರುತ್ತಾನೆ. ಒಂದೇ ಪೀರಿಯಡ್ಡಿನ ಪಾಠ. ಇದನ್ನು ಮಾಡದೆ ನಮ್ಮ ಸ್ಟುಡಿಯೋಗಳು ಮಾಡುವುದೇನು? ಎಸ್ಸೆಸ್ಸೆಲ್ಸಿ ಅರ್ಜಿಗೆ ಪಾಸ್‌ಪೋರ್ಟ್ ಸೈಜ್ ತೆಗೆಸಲು ಹೋದ ಹುಡುಗಿ ಕಾಲು ಗಂಟೆಯಲ್ಲಿ ಬೆಳ್ಳಗಾಗಿ ಹೊರಬರುತ್ತಾಳೆ. ‘ಫೇರ್ ಮಾಡ್ಲಾ’ ಅಂತ ಕೇಳುವ ಸೌಜನ್ಯವೂ ಇಲ್ಲ. ಅವಳ ಹಾಲ್ ಟಿಕೆಟ್ಟಿನ ಮೇಲೆ ಇನ್ಯಾರೋ ಕೂತಿರುತ್ತಾಳೆ.

ಫಿಲ್ಮ್ ಕಾಲದಲ್ಲೂ ಹೀಗೇ. ಅಮೆರಿಕದ ಕೊಡಾಕ್ ಕಂಪನಿ ಬಣ್ಣ ಹೊಂದಿಸಲು ಲ್ಯಾಬುಗಳಿಗೆ ಕಳಿಸುತ್ತಿದ್ದ ‘ಶರ್ಲಿ ಕಾರ್ಡ್’ನಲ್ಲಿ ಇದ್ದವಳು ಬಿಳಿ ಹೆಂಗಸು. ಅವಳ ಚರ್ಮ ಸರಿ ಬಂದರೆ ಜಗತ್ತೇ ಸರಿ. ಕರಿಯರ ಮುಖ ಬರುವುದಿಲ್ಲ ಎಂಬ ದೂರಿಗೆ ಅಲುಗದ ಕಂಪನಿ, ಚಾಕೊಲೇಟಿನವರೂ ಮರದ ಪೀಠೋಪಕರಣದವರೂ ತಮ್ಮ ಸರಕಿನ ಕಂದು ಛಾಯೆಗಳು ಬರುತ್ತಿಲ್ಲ ಅಂತ ತಗಾದೆ ತೆಗೆದ ಮೇಲೆ ಫಿಲ್ಮ್ ಸುಧಾರಿಸಿತು. ಮನುಷ್ಯನ ಮುಖಕ್ಕಿಂತ ಮೇಜಿನ ಬೆಲೆ ಹೆಚ್ಚು! ಪೋಲರಾಯ್ಡ್ ಕಥೆ ಇನ್ನೂ ಚೆನ್ನಾಗಿದೆ. ದಕ್ಷಿಣ ಆಫ್ರಿಕದಲ್ಲಿ ಕರಿಯರು ಸದಾ ಜೇಬಿನಲ್ಲಿ ಇಟ್ಟುಕೊಳ್ಳಬೇಕಿದ್ದ ಪಾಸ್‌ಬುಕ್ಕಿನ ಫೋಟೋಗಳಿಗೆ ತಮ್ಮ ಕಂಪನಿಯ ಕ್ಯಾಮೆರಾ ಬಳಕೆಯಾಗುತ್ತಿದೆ ಅಂತ 1970ರಲ್ಲಿ ಪತ್ತೆ ಹಚ್ಚಿದವರು ಆ ಕಂಪನಿಯಲ್ಲೇ ಕೆಲಸಕ್ಕಿದ್ದ ಇಬ್ಬರು ಕರಿಯ ನೌಕರರು, ಕ್ಯಾರೊಲಿನ್ ಹಂಟರ್ ಮತ್ತು ಕೆನ್ ವಿಲಿಯಮ್ಸ್. ಬೀದಿಗಿಳಿದರು. ಕೆಲಸ ಕಳೆದುಕೊಂಡರೂ ಬಿಡಲಿಲ್ಲ. 1977ರಲ್ಲಿ ಕಂಪನಿ ಆ ದೇಶ ಬಿಟ್ಟಿತು. ಫೋಟೋಗ್ರಫಿಯ ಇತಿಹಾಸ ಹೇಳುವಾಗ ನಮ್ಮ ಮಕ್ಕಳಿಗೆ ಮೊದಲು ಹೇಳಬೇಕಾದ ಹೆಸರುಗಳು ಇವು.

ಡಿಜಿಟಲ್ ಬಂದ ಮೇಲೆ ಎಲ್ಲ ಸರಿಹೋಯಿತೆ? ಜಾಯ್ ಬುವೊಲಾಮ್‌ವಿನಿ ಮತ್ತು ಟಿಮ್‌ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ, ಮುಖ ನೋಡಿ ಹೆಣ್ಣೋ ಗಂಡೋ ಹೇಳುವ ಮೂರು ಕಂಪನಿಗಳ ತಂತ್ರಾಂಶ ಪರೀಕ್ಷಿಸಿದರು. ಬಿಳಿ ಗಂಡಸರಲ್ಲಿ ತಪ್ಪು ಹೆಚ್ಚೆಂದರೆ ಶೇ. 0.8. ಕಪ್ಪು ಹೆಂಗಸರಲ್ಲಿ ಶೇ. 34.7ರವರೆಗೆ. ಈಗ ನಮ್ಮ ಸರ್ಕಾರಿ ಶಾಲೆಗಳಲ್ಲೂ ಮುಖ ಗುರುತಿಸಿ ಹಾಜರಿ ಹಾಕುವ ಮಾತು ನಡೆದಿದೆ. ಕಪ್ಪು ಹುಡುಗಿ ತರಗತಿಯಲ್ಲೇ ಕೂತಿದ್ದು ಯಂತ್ರ ಅವಳನ್ನು ಕಾಣದಿದ್ದರೆ ಯಾರು ಗೈರು?

ಇನ್ನು ಫೋನಿನ ವಿಚಾರ. 2020ರಲ್ಲಿ ಶಾಲೆ ಮುಚ್ಚಿದಾಗ ಫೋನ್ ಇಲ್ಲದ ಮಗುವಿಗೆ ಪಾಠ ಇಲ್ಲವೆಂದಾಯಿತು. ಕುರಿ ಮಾರಿ, ಕೈಸಾಲ ಮಾಡಿ ಫೋನ್ ತಂದ ಅಪ್ಪಂದಿರನ್ನು ಬಲ್ಲೆ. ಶಾಲೆ ತೆರೆದ ಮೇಲೆ ಅದೇ ಫೋನ್ ಚೀಲದಲ್ಲಿ ಸಿಕ್ಕರೆ ಅಪರಾಧ, ಅಪ್ಪನನ್ನು ಕರೆಸಿ ಬೈಗುಳ. ಹುಡುಗಿಯಾದರಂತೂ ‘ಕೆಟ್ಟುಹೋಗ್ತಾಳೆ’. ಹುಡುಗಿಯರ ಫೋಟೋ ಕದ್ದು ತೆಗೆದು, ತಿದ್ದಿ, ಹೆದರಿಸುವವರು ಇದ್ದಾರೆ, ಸುಳ್ಳಲ್ಲ. ಅದಕ್ಕೇ ಕಲಿಸಿ ಅನ್ನುವುದು. ಒಪ್ಪಿಗೆ ಇಲ್ಲದೆ ಯಾರದೇ ಖಾಸಗಿ ಅಂಗದ ಚಿತ್ರ ತೆಗೆದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಡಿ ಮೂರು ವರ್ಷದವರೆಗೆ ಜೈಲು ಅಂತ ಎಷ್ಟು ಹುಡುಗರಿಗೆ ಗೊತ್ತು? ಎಷ್ಟು ಹುಡುಗಿಯರಿಗೆ ಗೊತ್ತು? ‘ನನ್ನ ಫೋಟೋ ತೆಗೀಬೇಡಿ’ ಅಂತ ಶಾಸಕರಿಗೂ ಹೇಳಬಹುದು ಅಂತ ಯಾರಾದರೂ ಹೇಳಿಕೊಟ್ಟಿದ್ದಾರೆಯೆ?

ಮಕ್ಕಳ ಕೈಗೆ ಕ್ಯಾಮೆರಾ ಕೊಟ್ಟ ಪುಣ್ಯಾತ್ಮರು ಇಲ್ಲವೆಂದಲ್ಲ. ಕೋಲ್ಕತ್ತದ ಸೋನಾಗಾಚಿಯ ಮಕ್ಕಳಿಗೆ ಕಲಿಸಿ ‘ಬಾರ್ನ್ ಇಂಟು ಬ್ರಾಥೆಲ್ಸ್’ ಚಿತ್ರ ಮಾಡಿದರು. 2005ರಲ್ಲಿ ಆಸ್ಕರ್ ಬಂತು, ಎತ್ತಿ ಹಿಡಿದ ಕೈ ಆ ಮಕ್ಕಳದಲ್ಲ. ರಾಜಸ್ಥಾನದ ಲೂಣಕರಣಸರದ ಬಾಲಿಕಾ ಮೇಳದಲ್ಲಿ 2003ರಲ್ಲಿ ಫೋಟೋಗ್ರಾಫರ್ ಗೌರಿ ಗಿಲ್ ಟೆಂಟು ಹಾಕಿದಾಗ, ಹೇಗೆ ನಿಲ್ಲಬೇಕು, ಯಾರ ಜೊತೆ ನಿಲ್ಲಬೇಕು ಅಂತ ಹುಡುಗಿಯರೇ ಆರಿಸಿಕೊಂಡರು. ಅದು ನನಗೆ ಹಿಡಿಸಿದ ದಾರಿ. ಆದರೂ ಯಾರೋ ದಯಾವಂತರು ಬಂದು ಹೋಗುವ ಮೇಳ ನಮಗೆ ಸಾಲದು. ಟೈಮ್‌ಟೇಬಲ್ಲಿನಲ್ಲಿ ಜಾಗ ಬೇಕು, ಬೆಲ್ ಹೊಡೆಯಬೇಕು, ಅಂಕ ಬರಬೇಕು.

ಮುಖ್ಯೋಪಾಧ್ಯಾಯರೊಬ್ಬರಿಗೆ ಇದನ್ನು ಹೇಳಿದೆ. ದುಡ್ಡಿನ ಮಾತನ್ನೇ ಅವರು ಎತ್ತಲಿಲ್ಲ. ಮೊಟ್ಟೆಯ ಫೋಟೋ ಏರಿಸುವ ಫೋನುಗಳು ಎಲ್ಲ ಶಾಲೆಯಲ್ಲೂ ಇವೆ ಅಂತ ಅವರಿಗೂ ಗೊತ್ತು. ಅವರ ಭಯ ಬೇರೆ. ‘ಆಮೇಲೆ ಶೌಚಾಲಯದ ಫೋಟೋ ತೆಗೆದು ಹಾಕಿಬಿಟ್ರೆ?’

ತೆಗೆಯಲಿ. ನೀರಿಲ್ಲದ ಶೌಚಾಲಯ ತೆಗೆಯಲಿ, ಅಕ್ಕಿಯೊಳಗಿನ ಹುಳ ತೆಗೆಯಲಿ, ಸೋರುವ ಕೊಠಡಿ ತೆಗೆಯಲಿ, ಪಾಠ ಬಿಟ್ಟು ಪೋರ್ಟಲ್ ತುಂಬುತ್ತ ಕೂತ ನನ್ನನ್ನೂ ತೆಗೆಯಲಿ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ್ದು ಲೋಕಕ್ಕೆ ಗೊತ್ತಾದದ್ದು ವಿಡಿಯೋ ಹೊರಬಂದ ಮೇಲೆ. ಆಮೇಲೆ ಸಚಿವರು ಓಡಿ ಬಂದರು, ಅಮಾನತು, ಬಂಧನ ಎಲ್ಲ ಆಯಿತು. ವಿಡಿಯೋ ಇಲ್ಲದ ಗುಂಡಿಗಳು ಎಷ್ಟಿವೆಯೋ! ಶಾಲೆಯ ಮಾನ ಹೋಗುತ್ತದೆ ಅನ್ನುವವರೇ, ಗುಂಡಿಗೆ ಇಳಿದ ಮಗುವಿನ ಮಾನದ ಲೆಕ್ಕ ಯಾವ ಪೋರ್ಟಲ್ಲಿನಲ್ಲಿದೆ?

ಶುರುಮಾಡಲು ಶಾಲೆಗೆ ನಾಲ್ಕು ಫೋನು ಸಾಕು. ಮೊದಲ ವಾರ ಸುಣ್ಣದ ಗೋಡೆಯ ಪಾಠ. ಎರಡನೇ ವಾರ ಕೇಳಿ ತೆಗೆಯುವ ಪಾಠ, ಬೇಡ ಅಂದವರನ್ನು ಬಿಡುವ ಪಾಠ. ಮೂರನೇ ವಾರದಿಂದ ವಿಷಯ ಅವರೇ ಆರಿಸಿಕೊಳ್ಳಲಿ. ಅವ್ವನನ್ನೇ ತೆಗೆಯುತ್ತಾರೋ, ಕೋಳಿ ತೆಗೆಯುತ್ತಾರೋ, ನೀರಿನ ಹನಿಯನ್ನೇ ತೆಗೆಯುತ್ತಾರೋ, ಅವರಿಷ್ಟ. ಬಡವರ ಮಕ್ಕಳು ಬಡತನವನ್ನೇ ತೆಗೆಯಬೇಕು ಅಂತ ಎಲ್ಲೂ ಬರೆದಿಲ್ಲ. ಒಂದೇ ಷರತ್ತು: ಬರುವ ಜೂನ್‌ನಲ್ಲಿ ಟೈಮ್‌ಟೇಬಲ್ ಬರೆಯುವಾಗ ಈ ಪೀರಿಯಡ್ಡನ್ನು ಶನಿವಾರದ ಕೊನೆಗೆ ತಳ್ಳಬೇಡಿ. ಬೆಳಕು ಓರೆಯಾಗಿ ಬೀಳುವ ಬೆಳಗಿನ ಮೊದಲ ಪೀರಿಯಡ್ಡೇ ಬೇಕು. ಗಣಿತದ ಮೇಷ್ಟ್ರನ್ನು ನಾನು ಒಪ್ಪಿಸುತ್ತೇನೆ.